ಎಳೆಯರನ್ನು ಹರಾಜಿಗಿಡಬೇಡಿ

ವಿರಾಟ್ ಕೊಹ್ಲಿ ಐಪಿಎಲ್ ಹರಾಜಿನಲ್ಲಿ ಒಮ್ಮೆಯೂ ಬಿಕರಿಯಾದವರಲ್ಲ. 2008ರಲ್ಲಿ ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದುಬಂದ ಹುಡುಗರನ್ನು ಸುತ್ತಿಗೆಯ ಮುಂದೆ ನಿಲ್ಲಿಸಲಿಲ್ಲ. ಅವರಿಗೆಂದೇ ಡ್ರಾಫ್ಟ್ ನಡೆಯಿತು. ಸಂಭಾವನೆ ಮೊದಲೇ ಗೊತ್ತುಮಾಡಿದ್ದು. ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಕೂಗು ಇಲ್ಲ, ಏರಿಕೆ ಇಲ್ಲ. ಡೆಲ್ಲಿಯವರು ತಮ್ಮೂರಿನ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡರು. ಕೊಹ್ಲಿ ಬೆಂಗಳೂರಿಗೆ ಬಂದರು.

ಆಮೇಲೆ ಆದದ್ದನ್ನು ನೆನಪಿಸಿಕೊಳ್ಳಿ. ಮೊದಲ ವರ್ಷ ಕೊಹ್ಲಿ ಹೊಡೆದದ್ದು 165 ರನ್, ಸರಾಸರಿ 15. ಎರಡನೆಯ ವರ್ಷ 246, ಮೂರನೆಯ ವರ್ಷ 307. ಈಗಿನ ಕಣ್ಣಿನಿಂದ ನೋಡಿದರೆ ಇದು ಮೊದಲ ವರ್ಷವೇ ಕೈಬಿಡುವ ಲೆಕ್ಕ. ಬೆಂಗಳೂರು ಕೈಬಿಡಲಿಲ್ಲ. ನಾಲ್ಕನೆಯ ವರ್ಷ 557 ರನ್ ಬಂತು. ಅಷ್ಟು ಹೊತ್ತಿಗೆ ತಂಡ ತನ್ನ ಹಳೆಯ ಪಟ್ಟಿಯಿಂದ ಅವರೊಬ್ಬರನ್ನೇ ಉಳಿಸಿಕೊಂಡು ಮಿಕ್ಕವರನ್ನೆಲ್ಲ ಹರಾಜಿಗೆ ಬಿಟ್ಟಿತ್ತು. ಅದೇ ಹುಡುಗ 2008ರಲ್ಲಿ ದೋನಿಯಷ್ಟು ದುಡ್ಡಿಗೆ ಬಿಕರಿಯಾಗಿ ಬಂದು 165 ರನ್ ಹೊಡೆದಿದ್ದರೆ ಚಿನ್ನಸ್ವಾಮಿಯ ಗ್ಯಾಲರಿ ಎರಡನೆಯ ವರ್ಷದವರೆಗೆ ಕಾಯುತ್ತಿತ್ತೇ? ಮಾಲೀಕರು ಕಾಯುತ್ತಿದ್ದರೇ? ನನಗೆ ನಂಬಿಕೆಯಿಲ್ಲ.

ನಾನು ಶಿವಮೊಗ್ಗದಲ್ಲಿ ಹುಡುಗರಿಗೆ ಕ್ರಿಕೆಟ್ ಹೇಳಿಕೊಡುವವನು. ಮ್ಯಾಟಿಂಗ್ ವಿಕೆಟ್ ಮೇಲೆ ಆಡಿ ಬೆಳೆದ ಕಾಲದವನು. ನನ್ನ ಮಾತು ಒಂದೇ: ಭಾರತಕ್ಕೆ ಇನ್ನೂ ಆಡಿರದ ಎಳೆಯ ಆಟಗಾರರನ್ನು ಬಹಿರಂಗ ಹರಾಜಿನಿಂದ ಹೊರಗಿಡಬೇಕು. 2008ರಲ್ಲಿ ಮಾಡಿದ್ದನ್ನೇ ಇನ್ನಷ್ಟು ಅಚ್ಚುಕಟ್ಟಾಗಿ ಮತ್ತೆ ಮಾಡಬೇಕು. ದೊಡ್ಡವರ ಹರಾಜು ನಡೆಯಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ರಿಷಭ್ ಪಂತ್ 27 ಕೋಟಿಗೆ ಹೋದಾಗ ಆ ಭಾರ ಹೊರುವ ಹೆಗಲು ಅವರಿಗಿತ್ತು. ಹತ್ತೊಂಬತ್ತರ ಹುಡುಗನಿಗೆ ಆ ಹೆಗಲು ಇರುವುದಿಲ್ಲ.

2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಮಿನಿ ಹರಾಜಿನಲ್ಲಿ ಚೆನ್ನೈ ತಂಡ ಕಾರ್ತಿಕ್ ಶರ್ಮಾ ಮತ್ತು ಪ್ರಶಾಂತ್ ವೀರ್ ಎಂಬ ಇಬ್ಬರು ಯುವಕರಿಗೆ ತಲಾ 14.20 ಕೋಟಿ ಕೊಟ್ಟಿತು. ಇಬ್ಬರ ಮೂಲಬೆಲೆಯೂ 30 ಲಕ್ಷ. ಆಗ ಒಬ್ಬನಿಗೆ 19 ವರ್ಷ, ಇನ್ನೊಬ್ಬನಿಗೆ 20. ಭಾರತದ ಅಂಗಿ ತೊಟ್ಟವರಲ್ಲ. ಆ ದುಡ್ಡು ಅವರಿಗೆ ಸಿಗಬಾರದು ಎಂದು ನಾನು ಹೇಳುತ್ತಿಲ್ಲ. ಆ ಬೆಲೆ ಹುಟ್ಟಿದ್ದು ಹೇಗೆ, ಅದು ಹುಡುಗನಿಗೆ ಏನು ಮಾಡುತ್ತದೆ ಎಂಬುದು ನನ್ನ ಚಿಂತೆ.

ಬೆಲೆ ಹುಟ್ಟುವ ಬಗೆ ನೋಡಿ. ಹತ್ತು ತಂಡ, ಪ್ರತಿ ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರು, ಅವರಲ್ಲಿ ವಿದೇಶಿಯರು ಎಂಟಕ್ಕಿಂತ ಹೆಚ್ಚಿಲ್ಲ. ಪರ್ಸ್‌ಗೆ ಮಿತಿಯಿದೆ, 2025ರ ಋತುವಿನ ಮೆಗಾ ಹರಾಜಿಗೆ ಅದು 120 ಕೋಟಿ ಇತ್ತು, ಉಳಿಸಿಕೊಂಡವರ ಸಂಭಾವನೆ ಅದರಲ್ಲೇ ಕಳೆಯಬೇಕು. ಆಟಗಾರರ ಹೆಸರುಗಳು ಗುಂಪುಗುಂಪಾಗಿ ಬರುತ್ತವೆ. ಯಾವ ಗುಂಪು ಮೊದಲು ಬಂತು, ಆ ಹೊತ್ತಿಗೆ ಯಾರ ಪರ್ಸಿನಲ್ಲಿ ಎಷ್ಟಿತ್ತು, ಅದೇ ಬಗೆಯ ಇನ್ನೊಬ್ಬ ಆಟಗಾರ ಪಟ್ಟಿಯಲ್ಲಿ ಮುಂದೆ ಇದ್ದಾನೋ ಇಲ್ಲವೋ, ಎದುರು ಟೇಬಲ್‌ನವರಿಗೂ ಅದೇ ಜಾಗ ಖಾಲಿ ಇದೆಯೋ ಇಲ್ಲವೋ, ಬೆಲೆ ಕಟ್ಟುವುದು ಇವು. ಒಬ್ಬನೇ ಕೇಳಿದರೆ ಮೂಲಬೆಲೆ. ಇಬ್ಬರು ಹಟ ಹಿಡಿದರೆ ಆಕಾಶ. ಆಟಗಾರ ಅಷ್ಟೇ ಇರುತ್ತಾನೆ.

ಕೃಷ್ಣಪ್ಪ ಗೌತಮ್ ಅವರನ್ನು ತೆಗೆದುಕೊಳ್ಳಿ. ನಮ್ಮ ಶಿವಮೊಗ್ಗದ ಕ್ರಿಕೆಟ್ ಪ್ರೇಮಿಗಳಿಗೆ ಆ ಹೆಸರು ಮರೆಯುವಂಥದ್ದಲ್ಲ. 2019ರ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಅವರು ಶಿವಮೊಗ್ಗ ಲಯನ್ಸ್ ವಿರುದ್ಧ 56 ಎಸೆತಗಳಲ್ಲಿ ಔಟಾಗದೆ 134 ರನ್ ಬಾರಿಸಿ, ಅದೇ ಪಂದ್ಯದಲ್ಲಿ ನಾಲ್ಕು ಓವರಿಗೆ 15 ರನ್ ಕೊಟ್ಟು ಎಂಟು ವಿಕೆಟ್ ಕಿತ್ತರು. ನಮ್ಮ ತಂಡವನ್ನು ಹೀಗೆ ಒಬ್ಬನೇ ನುಂಗಿದ್ದನ್ನು ನೋಡಿ ನೋವಾದರೂ ಎದ್ದು ನಿಂತು ಚಪ್ಪಾಳೆ ಹೊಡೆಯುವಂಥ ಆಟ ಅದು. ಈಗ ಅವರ ಬೆಲೆಪಟ್ಟಿ ನೋಡಿ. 2017ರಲ್ಲಿ ಮುಂಬೈ 2 ಕೋಟಿ ಕೊಟ್ಟಿತು, ಆ ವರ್ಷ ಒಂದೂ ಪಂದ್ಯ ಆಡಿಸಲಿಲ್ಲ. 2018ರಲ್ಲಿ ರಾಜಸ್ಥಾನ 6.20 ಕೋಟಿ ಕೊಟ್ಟಿತು. ಜೈಪುರದಲ್ಲಿ ಮುಂಬೈ ವಿರುದ್ಧ ಸೋಲುವ ಪಂದ್ಯವನ್ನು 11 ಎಸೆತಗಳಲ್ಲಿ 33 ರನ್ ಚಚ್ಚಿ ಗೆಲ್ಲಿಸಿಕೊಟ್ಟದ್ದು ಆ ವರ್ಷವೇ. 2021ರಲ್ಲಿ ಮೂಲಬೆಲೆ 20 ಲಕ್ಷದಿಂದ ಏರುತ್ತಾ ಹೋಗಿ ಚೆನ್ನೈ 9.25 ಕೋಟಿಗೆ ಕೊಂಡಿತು. ಭಾರತಕ್ಕೆ ಆಡದ ಆಟಗಾರನಿಗೆ ಅಲ್ಲಿಯವರೆಗಿನ ದಾಖಲೆ ಬೆಲೆ. ಆ ಇಡೀ ಋತುವಿನಲ್ಲಿ ಅವರಿಗೆ ಒಂದೂ ಪಂದ್ಯ ಸಿಗಲಿಲ್ಲ. 2022ರಲ್ಲಿ ಲಖನೌ ಅವರನ್ನು 90 ಲಕ್ಷಕ್ಕೆ ತೆಗೆದುಕೊಂಡಿತು.

ಒಂದು ವರ್ಷದಲ್ಲಿ ಹತ್ತರ ಒಂದು ಭಾಗ! ಅವರ ಆಫ್ ಸ್ಪಿನ್ ಹನ್ನೆರಡು ತಿಂಗಳಲ್ಲಿ ಅಷ್ಟು ಕೆಟ್ಟಿತೇ? ಆಡಿಸಿದ್ದರಲ್ಲವೇ ಕೆಡುವುದಕ್ಕೆ? ಹರ್ಭಜನ್ ಸಿಂಗ್ ಅವರನ್ನು ಬಿಟ್ಟುಕೊಟ್ಟಿದ್ದ ಚೆನ್ನೈಗೆ 2021ರ ಆ ದಿನ ಬ್ಯಾಟು ಬೀಸಬಲ್ಲ ಆಫ್ ಸ್ಪಿನ್ನರ್ ಬೇಕಿತ್ತು. ಅದೇ ಹರಾಜಿನಲ್ಲಿ ಮೊಯೀನ್ ಅಲಿಯೂ ಬಂದರು, ಜಡೇಜಾ ಮೊದಲೇ ಇದ್ದರು. ಹನ್ನೊಂದರಲ್ಲಿ ಜಾಗ ಉಳಿಯಲಿಲ್ಲ. ಗೌತಮ್ ಅವರ ಯಾವ ತಪ್ಪೂ ಇದರಲ್ಲಿಲ್ಲ. ಆದರೆ ಹೊರಗಿನವರ ಬಾಯಲ್ಲಿ ಉಳಿದದ್ದು ಒಂದೇ: ಒಂಬತ್ತು ಕಾಲು ಕೋಟಿ ತೆಗೆದುಕೊಂಡು ಬೆಂಚ್ ಮೇಲೆ ಕೂತವನು. ಆಗ ಅವರಿಗೆ ಮೂವತ್ತು ದಾಟಿತ್ತು, ಹತ್ತಾರು ರಣಜಿ ಪಂದ್ಯ ಆಡಿದ ಅನುಭವವಿತ್ತು, ತಡೆದುಕೊಂಡರು. ಹತ್ತೊಂಬತ್ತರವನ ಪಾಡೇನು?

ನಮ್ಮೂರಿನ ಎಪಿಎಂಸಿಯಲ್ಲಿ ಅಡಿಕೆ ಟೆಂಡರ್ ನಡೆಯುವುದನ್ನು ಮಲೆನಾಡಿನವರು ಚಿಕ್ಕಂದಿನಿಂದ ಕಂಡಿದ್ದೇವೆ. ಅಲ್ಲಿ ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಕೊಳ್ಳುವವನು ಚೀಲಕ್ಕೆ ಕೈ ಹಾಕಿ, ಒಡೆದು, ನೋಡಿಯೇ ದರ ಬರೆಯುತ್ತಾನೆ. ದರ ಒಪ್ಪದಿದ್ದರೆ ಬೆಳೆಗಾರ ಮಾಲನ್ನು ಕೊಡದೆ ಇಟ್ಟುಕೊಳ್ಳಬಹುದು. ಮುಂದಿನ ವಾರ ನೋಡೋಣ ಎನ್ನಬಹುದು. ಐಪಿಎಲ್ ಹರಾಜಿನಲ್ಲಿ ಆಟಗಾರನಿಗೆ ಆ ಸ್ವಾತಂತ್ರ್ಯವೂ ಇಲ್ಲ. ಯಾವ ತಂಡ, ಯಾವ ಕೋಚ್, ಯಾವ ಪಿಚ್, ತನ್ನಂಥವರು ಅಲ್ಲಿ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಯಾವುದೂ ಅವನ ಕೈಯಲ್ಲಿಲ್ಲ. ಹರಾಜಾದ ಮೇಲೆ ಗಾಯದಂಥ ಕಾರಣವಿಲ್ಲದೆ ಹಿಂದೆ ಸರಿದ ವಿದೇಶಿ ಆಟಗಾರನಿಗೆ ಎರಡು ವರ್ಷ ನಿಷೇಧ ಎಂಬ ನಿಯಮ ಬಂದಿದೆ. ಇಂಗ್ಲೆಂಡಿನ ಹ್ಯಾರಿ ಬ್ರೂಕ್ 2025ರಲ್ಲಿ ಅದಕ್ಕೆ ಸಿಕ್ಕಿಬಿದ್ದರು. ತಂಡಕ್ಕೆ ಮಾತ್ರ ವರ್ಷಕ್ಕೊಮ್ಮೆ ಯಾರನ್ನು ಬೇಕಾದರೂ ಬಿಡುವ ಹಕ್ಕಿದೆ. ಒಂದು ಕಡೆಗೆ ಮಾತ್ರ ಬಿಗಿಯಾದ ಈ ಗಂಟನ್ನು ದೊಡ್ಡ ಆಟಗಾರರು ವಕೀಲರು, ಏಜೆಂಟರ ಬಲದಿಂದ ಹೇಗೋ ನಿಭಾಯಿಸುತ್ತಾರೆ. ನನ್ನ ಹತ್ತಿರ ಬರುವ ಹುಡುಗರಿಗೆ ಏಜೆಂಟ್ ಎಂದರೆ ಅವರಪ್ಪ.

ಬೆಲೆಗೂ ಆಟಕ್ಕೂ ಇರುವ ಸಂಬಂಧ ಎಷ್ಟು ಸಡಿಲ ಎಂಬುದಕ್ಕೆ ಆರ್‌ಸಿಬಿ ಕಪ್ ಗೆದ್ದ ವರ್ಷವೇ ಸಾಕ್ಷಿ. 2024ರ ನವೆಂಬರ್ 24ರಂದು ಜೆಡ್ಡಾದಲ್ಲಿ ಮೆಗಾ ಹರಾಜು ಶುರುವಾದಾಗ ಬೆಂಗಳೂರಿನ ಕೈಯಲ್ಲಿ 83 ಕೋಟಿ ಇತ್ತು. ಕೆ.ಎಲ್. ರಾಹುಲ್ ಡೆಲ್ಲಿಗೆ 14 ಕೋಟಿಗೆ ಹೋದರು. ಅಭಿಮಾನಿಗಳು ಹೊಟ್ಟೆ ಉರಿದುಕೊಂಡರು. ನಮ್ಮ ಹುಡುಗನನ್ನು ತರಲು ಇವರಿಗೆ ಧೈರ್ಯವಿಲ್ಲ ಎಂದು ನಾನೂ ಮನೆಯಲ್ಲಿ ಕೂಗಾಡಿದ್ದುಂಟು. ತಂಡ ಕಟ್ಟುವವರು ಬೇರೆಯೇ ಲೆಕ್ಕ ಹಾಕಿದ್ದರು. ಹೇಜಲ್‌ವುಡ್‌ಗೆ 12.50, ಫಿಲ್ ಸಾಲ್ಟ್‌ಗೆ 11.50, ಜಿತೇಶ್ ಶರ್ಮಾಗೆ 11, ಭುವನೇಶ್ವರ್‌ಗೆ 10.75 ಕೋಟಿ. ಕೃಣಾಲ್ ಪಾಂಡ್ಯ 5.75 ಕೋಟಿ, ಟಿಮ್ ಡೇವಿಡ್ 3 ಕೋಟಿ, ರೊಮಾರಿಯೊ ಶೆಫರ್ಡ್ ಒಂದೂವರೆ ಕೋಟಿ. ಇಪ್ಪತ್ತು ಕೋಟಿಯ ಹೊಸ ಹೆಸರು ಒಂದೂ ಇಲ್ಲ. ಆದರೆ ಪ್ರತಿಯೊಂದು ಓವರಿಗೂ, ಬ್ಯಾಟಿಂಗ್ ಕ್ರಮದ ಪ್ರತಿಯೊಂದು ಜಾಗಕ್ಕೂ ಇಂಥವನು ಎಂದು ಮೊದಲೇ ಬರೆದಿಟ್ಟುಕೊಂಡ ಹಾಗಿತ್ತು ಆ ಖರೀದಿ.

2025ರ ಜೂನ್ 3ರ ಫೈನಲ್‌ನಲ್ಲಿ ಕೃಣಾಲ್ ನಾಲ್ಕು ಓವರಿನಲ್ಲಿ 17 ರನ್ನಿಗೆ ಎರಡು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ಒಂದೂವರೆ ಕೋಟಿಯ ಶೆಫರ್ಡ್ 26.75 ಕೋಟಿಯ ಶ್ರೇಯಸ್ ಅಯ್ಯರ್ ಅವರನ್ನು ಒಂದು ರನ್ನಿಗೆ ಔಟ್ ಮಾಡಿದರು. ಶ್ರೇಯಸ್ ಆ ಋತುವಿನಲ್ಲಿ 600ಕ್ಕೂ ಹೆಚ್ಚು ರನ್ ಹೊಡೆದವರು, ಪಂಜಾಬನ್ನು ಫೈನಲ್‌ಗೆ ತಂದ ನಾಯಕ; ಅವರ ಯೋಗ್ಯತೆಯನ್ನು ಒಂದು ಚೆಂಡಿನಿಂದ ಅಳೆಯಲಾಗದು. ಬೆಲೆಯಿಂದಲೂ ಅಳೆಯಲಾಗದು. ಆ ಫೈನಲ್‌ನಲ್ಲಿ ಮೂರನೆಯವರಾಗಿ ಬಂದು 24 ರನ್ ಕೊಟ್ಟ ನಮ್ಮ ಮಯಂಕ್ ಅಗರ್ವಾಲ್ ಜೆಡ್ಡಾದಲ್ಲಿ ಬಿಕರಿಯೇ ಆಗಿರಲಿಲ್ಲ. ದೇವದತ್ತ ಪಡಿಕ್ಕಲ್ ಗಾಯಗೊಂಡ ಮೇಲೆ ಮೇ ತಿಂಗಳಲ್ಲಿ ಅವರನ್ನು ಕರೆಸಿದ್ದು. ಆ ಪಡಿಕ್ಕಲ್ ಕೂಡ ಮೊದಲ ಕರೆಗೆ ಯಾರಿಗೂ ಬೇಡವಾಗಿದ್ದವರು. ಎರಡನೆಯ ಸಲ ಹೆಸರು ಬಂದಾಗ ಮೂಲಬೆಲೆ 2 ಕೋಟಿಗೆ ಬೆಂಗಳೂರು ತೆಗೆದುಕೊಂಡಿತು. 2022ರಲ್ಲಿ ಅವರ ಬೆಲೆ 7.75 ಕೋಟಿ ಇತ್ತು.

ಕಪ್ ಎತ್ತಿದ ನಾಯಕ ರಜತ್ ಪಾಟೀದಾರ್ ಕಥೆ ಇನ್ನೂ ದೊಡ್ಡದು. 2022ರ ಮೆಗಾ ಹರಾಜು ನಡೆದದ್ದು ಬೆಂಗಳೂರಿನಲ್ಲೇ. ಅಲ್ಲಿ ಪಾಟೀದಾರ್ ಅವರನ್ನು ಯಾರೂ ಕೊಳ್ಳಲಿಲ್ಲ. ಆಮೇಲೆ ಕರ್ನಾಟಕದ ಹುಡುಗ, ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಆ ಜಾಗಕ್ಕೆ 20 ಲಕ್ಷಕ್ಕೆ ಅವರನ್ನು ಕರೆತಂದರು. ಈಡನ್ ಗಾರ್ಡನ್ಸ್‌ನ ಎಲಿಮಿನೇಟರ್‌ನಲ್ಲಿ ಅವರು ಲಖನೌ ವಿರುದ್ಧ ಔಟಾಗದೆ 112 ಹೊಡೆದರು. ಹದಿನೇಳು ಋತು ಸಿಗದ ಕಪ್ಪನ್ನು ತಂದುಕೊಟ್ಟ ನಾಯಕ ಆ ಹರಾಜಿನ ಕಣ್ಣಿಗೆ ಬಿದ್ದಿರಲೇ ಇಲ್ಲ. ಪ್ರತಿ ತಂಡದಲ್ಲೂ ವರ್ಷವಿಡೀ ದೇಶ ಸುತ್ತುವ ಸ್ಕೌಟ್‌ಗಳಿದ್ದಾರೆ, ವಿಡಿಯೊ ಇದೆ, ಅಂಕಿಅಂಶದ ಪರಿಣತರಿದ್ದಾರೆ. ಇಷ್ಟಿದ್ದೂ ಸಭಾಂಗಣದ ಆ ಕೆಲವು ಕ್ಷಣಗಳಲ್ಲಿ ಪಾಟೀದಾರ್ ಶೂನ್ಯಕ್ಕೆ ನಿಲ್ಲುತ್ತಾರೆ, ಮತ್ತೊಬ್ಬ ಹತ್ತು ಕೋಟಿಗೆ ಏರುತ್ತಾನೆ. ಪಂಜಾಬಿನವರು 2023ರ ಡಿಸೆಂಬರ್‌ನಲ್ಲಿ ಶಶಾಂಕ್ ಸಿಂಗ್ ಅವರನ್ನು 20 ಲಕ್ಷಕ್ಕೆ ಕೊಂಡ ಕೂಡಲೇ ಗೊಂದಲಕ್ಕೆ ಬಿದ್ದದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದರು. ಸುತ್ತಿಗೆ ಬಿದ್ದಾಗಿತ್ತು, ಹಿಂದಕ್ಕಿಲ್ಲ ಎಂದರು. ಆ ವರ್ಷ ಶಶಾಂಕ್ 354 ರನ್ ಹೊಡೆದರು; ಮುಂದೆ ಅದೇ ತಂಡ ಅವರನ್ನು 5.50 ಕೋಟಿ ಕೊಟ್ಟು ಉಳಿಸಿಕೊಂಡಿತು.

ಇಷ್ಟು ಸಡಿಲವಾದ ಬೆಲೆಯನ್ನು ನಮ್ಮ ಊರುಗಳಲ್ಲಿ ಜನ ವಿಧಿಲಿಖಿತದಂತೆ ಓದುತ್ತಾರೆ. ನನ್ನ ಸಂಕಟ ಅಲ್ಲಿಂದ ಶುರು.

ಕೆಲವು ವರ್ಷಗಳ ಹಿಂದೆ ನಮ್ಮ ಮೈದಾನದ ಒಬ್ಬ ಎಡಗೈ ವೇಗಿಯ ಹೆಸರು ಅಂತಿಮ ಪಟ್ಟಿಗೆ ಬಂತು. ಒಂದು ತಂಡ ಟ್ರಯಲ್ಸ್‌ಗೆ ಕರೆದಿತ್ತು; ಚೆನ್ನಾಗಿ ಹಾಕಿದ್ದೀಯ ಎಂದು ಅಲ್ಲಿನವರು ಬೆನ್ನು ತಟ್ಟಿ ಕಳಿಸಿದ್ದರು. ಹರಾಜಿನ ದಿನ ಅವನ ಮನೆಯಲ್ಲಿ ನೆಂಟರು, ಬೀದಿಯವರು, ಶಾಲೆಯ ಪಿ.ಟಿ. ಮಾಸ್ತರು, ನಾವೆಲ್ಲ. ಅವನ ತಾಯಿ ಮಧ್ಯಾಹ್ನದಿಂದಲೇ ಎಲ್ಲರಿಗೂ ಅವಲಕ್ಕಿ, ಕಾಫಿ ಕೊಡುತ್ತಾ ಓಡಾಡುತ್ತಿದ್ದರು. ಹೆಸರು ಬಂದು ಯಾರೂ ಕೇಳದಿದ್ದರೆ ಅದೊಂದು ಬಗೆಯ ನೋವು. ಅವನ ಹೆಸರು ಬರಲೇ ಇಲ್ಲ. ಕೊನೆಯಲ್ಲಿ ನಡೆಯುವ ವೇಗದ ಸುತ್ತಿನಲ್ಲಿ ತಂಡಗಳು ಕೊಟ್ಟ ಹೆಸರುಗಳನ್ನು ಮಾತ್ರ ಕೂಗುತ್ತಾರೆ. ಉಳಿದವರು ಪಟ್ಟಿಯಲ್ಲಿದ್ದೂ ಇಲ್ಲದಂತೆ. ಇದು ಬೀದಿಯವರಿಗೆ ಹೇಗೆ ಗೊತ್ತಿರಬೇಕು? ಈಗ ಬರುತ್ತೆ, ಈಗ ಬರುತ್ತೆ ಎಂದು ರಾತ್ರಿಯವರೆಗೆ ಕೂತರು. ಮರುದಿನದಿಂದ ಹುಡುಗ ನೆಟ್ಸ್‌ಗೆ ಬರುವುದನ್ನು ಬಿಟ್ಟ. ನಾನೇ ಮನೆಗೆ ಹೋಗಿ ಕರೆದೆ. ಬಂದ, ಆದರೆ ಓಡಿಬರುವ ಆ ಹುರುಪು ಮತ್ತೆ ಬರಲಿಲ್ಲ. ಈಗ ಬೆಂಗಳೂರಿನಲ್ಲಿ ಖಾಸಗಿ ಕೆಲಸದಲ್ಲಿದ್ದಾನೆ, ವಾರಾಂತ್ಯದ ಲೀಗ್ ಆಡುತ್ತಾನೆ. ಅವನ ಇನ್‌ಸ್ವಿಂಗ್ ಇಂದಿಗೂ ನನ್ನ ಹುಡುಗರಿಗೆ ನಾನು ಕೊಡುವ ಮಾದರಿ.

ಇವನೊಬ್ಬನೇ ಅಲ್ಲ. ಜೆಡ್ಡಾ ಹರಾಜಿಗೆ 1574 ಮಂದಿ ಹೆಸರು ಕೊಟ್ಟರು. ಅಂತಿಮ ಪಟ್ಟಿಯಲ್ಲಿ 577 ಹೆಸರು. ಬಿಕರಿಯಾದವರು 182. ಮಿಕ್ಕ 395 ಮನೆಗಳಲ್ಲಿ ಆ ಎರಡು ದಿನ ಏನಾಯಿತು ಎಂದು ಯಾವ ವಾಹಿನಿಯೂ ತೋರಿಸಲಿಲ್ಲ. ಅವರೆಲ್ಲ ಕೆಟ್ಟ ಆಟಗಾರರೂ ಅಲ್ಲ. ಹಲವರು ತಮ್ಮ ರಾಜ್ಯದ ಹನ್ನೊಂದರಲ್ಲಿ ಇರುವವರು.

ಹರಾಜಿನ ವಾರ ಕಳೆದ ಮೇಲೆ ನನ್ನ ಹತ್ತಿರ ಬರುವ ತಂದೆತಾಯಿಯರ ಪ್ರಶ್ನೆಯೇ ಬದಲಾಗುತ್ತದೆ. "ಸರ್, ಇವನು ರಾಜ್ಯ ತಂಡಕ್ಕೆ ಬರ್ತಾನಾ?" ಎಂದು ಮೊದಲು ಕೇಳುತ್ತಿದ್ದರು. ಈಗ "ಸರ್, ಐಪಿಎಲ್‌ಗೆ ಇನ್ನೆಷ್ಟು ವರ್ಷ?" ಎನ್ನುತ್ತಾರೆ. ಸಾಲ ಮಾಡಿ ಇಂಗ್ಲಿಷ್ ವಿಲೋ ಬ್ಯಾಟು ಕೊಡಿಸುತ್ತಾರೆ, ಹತ್ತನೇ ಕ್ಲಾಸು ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಸೇರಿಸುತ್ತಾರೆ. ಹುಡುಗರೂ ಹಾಗೆಯೇ. ಹೊಸ ಚೆಂಡಿನಲ್ಲಿ ಎಂಟು ಓವರ್ ಒಂದೇ ಜಾಗಕ್ಕೆ ಹಾಕು ಎಂದರೆ ಬೇಸರ. ನಿಧಾನದ ಬೌನ್ಸರ್, ಬೆರಳ ಸಂದಿಯ ಚೆಂಡು ಮೊದಲು ಕಲಿಸಿ ಎನ್ನುತ್ತಾರೆ. ರಣಜಿ ಆಡುವವನಿಗೆ ಅನುಭವ ನೋಡಿ ದಿನಕ್ಕೆ 40ರಿಂದ 60 ಸಾವಿರ ಸಿಗುತ್ತದೆ. ನಾಲ್ಕು ದಿನ ಬಿಸಿಲಲ್ಲಿ ಬೆವರು ಹರಿಸಿದರೆ ಎರಡು ಲಕ್ಷದ ಆಸುಪಾಸು. ಐಪಿಎಲ್‌ನಲ್ಲಿ 2025ರಿಂದ ಒಂದು ಪಂದ್ಯ ಆಡಿದರೆ ಸಿಗುವ ಶುಲ್ಕವೇ ಏಳೂವರೆ ಲಕ್ಷ, ಹರಾಜಿನ ದುಡ್ಡು ಬೇರೆ. ಹುಡುಗರು ಲೆಕ್ಕ ಬಲ್ಲರು, ಅವರನ್ನು ಬೈದು ಪ್ರಯೋಜನವಿಲ್ಲ. ವ್ಯವಸ್ಥೆ ಮಾಡುವವರು ಲೆಕ್ಕ ಬದಲಿಸಬೇಕು.

ನನ್ನ ಸಲಹೆಗೆ ಎದುರಾಗುವ ಮಾತುಗಳು ನನಗೆ ಗೊತ್ತಿವೆ. ಅವುಗಳಲ್ಲಿ ಒಂದು ಗಟ್ಟಿಯಾಗಿದೆ. 2014ಕ್ಕೆ ಮೊದಲು ಭಾರತಕ್ಕೆ ಆಡದ ಆಟಗಾರರು ಹರಾಜಿಗೆ ಬರುತ್ತಿರಲಿಲ್ಲ. 10ರಿಂದ 30 ಲಕ್ಷದ ನಿಗದಿತ ಸಂಭಾವನೆಗೆ ತಂಡಗಳು ನೇರವಾಗಿ ಸೇರಿಸಿಕೊಳ್ಳುತ್ತಿದ್ದವು. ಆಗ ಮೇಜಿನ ಕೆಳಗಿನ ವ್ಯವಹಾರದ ಮಾತು ಎಲ್ಲ ಕಡೆ ಹರಿದಾಡುತ್ತಿತ್ತು. ಬೇರೆ ತಂಡದೊಡನೆ ಮಾತುಕತೆಗೆ ಹೋದರೆಂದು 2010ರಲ್ಲಿ ರವೀಂದ್ರ ಜಡೇಜಾ ಒಂದು ಋತು ಪೂರ್ತಿ ಹೊರಗೆ ಕೂತರು. ಹರಾಜು ಬಂದ ಮೇಲೆ ದುಡ್ಡು ಬೆಳಕಿಗೆ ಬಂತು. ಇದು ಹರಾಜು ಮಾಡಿದ ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ಡ್ರಾಫ್ಟ್‌ನಲ್ಲೂ ದುಡ್ಡು ಬೆಳಕಿನಲ್ಲೇ ಇರುತ್ತದೆ. ಯಾವ ಸುತ್ತಿಗೆ ಎಷ್ಟು ಎಂಬುದು ಎಲ್ಲರಿಗೂ ಗೊತ್ತು, ಯಾರ ಸರದಿ ಯಾವಾಗ ಎಂಬುದು ಗೊತ್ತು. ಗುಟ್ಟಾಗಿ ಮಾತಾಡಿ ಹುಡುಗನನ್ನು ಒಲಿಸಿಕೊಂಡರೂ ಸರದಿ ತಪ್ಪಿಸಿ ಅವನನ್ನು ಎತ್ತಿಕೊಳ್ಳಲಾಗದು. ಮುಚ್ಚಿದ ಕೋಣೆ, ಬಹಿರಂಗ ಹರಾಜು, ಇವೆರಡೇ ದಾರಿ ಇರುವುದು ಎಂದು ಯಾಕೆ ತಿಳಿಯಬೇಕು?

ಇನ್ನೊಂದು ಮಾತು ಹೃದಯಕ್ಕೆ ತಟ್ಟುವಂಥದ್ದು. 2017ರಲ್ಲಿ ಆಟೊ ಓಡಿಸುವವರ ಮಗ ಮೊಹಮ್ಮದ್ ಸಿರಾಜ್‌ಗೆ 2.60 ಕೋಟಿ, ಸೇಲಂ ಬಳಿಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್‌ಗೆ 3 ಕೋಟಿ ಸಿಕ್ಕಿತು. ಬಡವನ ಮನೆಗೆ ಬರುವ ದುಡ್ಡಿಗೆ ನೀವು ಯಾಕೆ ಅಡ್ಡ ಎಂದು ಕೇಳುತ್ತಾರೆ. ನಟರಾಜನ್ ಅವರ ಮುಂದಿನ ದಾರಿಯನ್ನೂ ನೋಡಬೇಕು. 3 ಕೋಟಿಯ ಆ ಮೊದಲ ವರ್ಷ ಪಂಜಾಬಿನಲ್ಲಿ ಅವರು ಮಿಂಚಲಿಲ್ಲ. ಮರುವರ್ಷ ಹೈದರಾಬಾದ್ 40 ಲಕ್ಷಕ್ಕೆ ತೆಗೆದುಕೊಂಡಿತು, 2018ರಲ್ಲೂ 2019ರಲ್ಲೂ ಒಂದು ಪಂದ್ಯವನ್ನೂ ಆಡಿಸದೆ ನೆಟ್ಸ್‌ನಲ್ಲಿ ಬೆಳೆಸಿತು. 2020ರಲ್ಲಿ ಆ ಯಾರ್ಕರ್‌ಗಳು ಬಂದವು, ಅದೇ ವರ್ಷ ಆಸ್ಟ್ರೇಲಿಯಾಕ್ಕೆ ಹೋದರು. ನಟರಾಜನ್ ಬೌಲರ್ ಆಗಿ ಅರಳಿದ್ದು ಸಣ್ಣ ಬೆಲೆಯ, ಯಾರೂ ಬೆರಳು ತೋರಿಸದ ಆ ಎರಡು ವರ್ಷಗಳಲ್ಲಿ. ಬಡವನ ಮನೆಗೆ ದುಡ್ಡು ಬರಲಿ ಎಂಬ ಕಾಳಜಿ ನಿಜವಾಗಿದ್ದರೆ ತಳದ 30 ಲಕ್ಷವನ್ನು ಮೇಲೆತ್ತಿ. ಒಬ್ಬನಿಗೆ 14 ಕೋಟಿ, ಅವನ ಪಕ್ಕದವನಿಗೆ 30 ಲಕ್ಷ ಎಂಬುದರ ಬದಲು ಹದಿನಾಲ್ಕು ಹುಡುಗರಿಗೆ ಒಂದೊಂದು ಕೋಟಿ ಸಿಗಲಿ. ಒಂದು ಕೋಟಿ ನಮ್ಮ ಊರುಗಳಲ್ಲಿ ಮನೆ ಕಟ್ಟಿಸಿ, ಸಾಲ ತೀರಿಸಿ, ತಂಗಿಯ ಓದು ಮುಗಿಸುವ ದುಡ್ಡು.

ಮಾರುಕಟ್ಟೆಗೆ ಕೈ ಹಾಕಬಾರದು ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಬಿಸಿಸಿಐ ಎಂದೋ ಕೈ ಹಾಕಿಯಾಗಿದೆ. ಅಬುಧಾಬಿಯಲ್ಲಿ ಕ್ಯಾಮರಾನ್ ಗ್ರೀನ್‌ಗೆ ಕೋಲ್ಕತ್ತ 25.20 ಕೋಟಿ ಕೂಗಿತು. ವಿದೇಶಿ ಆಟಗಾರರಿಗೆ ಹಾಕಿದ ಮಿತಿಯಿಂದಾಗಿ ಅವರ ಕೈಗೆ ಸಿಗುವುದು 18 ಕೋಟಿ, ಮಿಕ್ಕದ್ದು ಆಟಗಾರರ ಕ್ಷೇಮಕ್ಕೆಂದು ಮಂಡಳಿಗೆ. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದವರನ್ನು ಭಾರತಕ್ಕೆ ಆಡದವರಂತೆಯೇ ಎಣಿಸಬಹುದು ಎಂಬ ನಿಯಮ ತಂದದ್ದರಿಂದ ದೋನಿಯನ್ನು ಚೆನ್ನೈ 4 ಕೋಟಿಗೆ ಉಳಿಸಿಕೊಂಡಿತು. ನಲವತ್ಮೂರರ ದಿಗ್ಗಜನಿಗೆ ನಿಯಮ ತಿದ್ದಬಹುದಾದರೆ ಹತ್ತೊಂಬತ್ತರ ಹುಡುಗನಿಗೂ ತಿದ್ದಬಹುದು. ಜೆಡ್ಡಾದಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಯ ಹೆಸರನ್ನು ಕೂಗಿದರು, 1.10 ಕೋಟಿಗೆ ಸುತ್ತಿಗೆ ಬಡಿದರು. ಆ ಮಗು ಮುಂದಿನ ಏಪ್ರಿಲ್‌ನಲ್ಲಿ 35 ಎಸೆತಗಳಲ್ಲಿ ಶತಕ ಹೊಡೆದು ದೇಶವನ್ನೇ ಬೆರಗುಗೊಳಿಸಿತು. ಅವನ ಆಟ ನೋಡಿ ನಾನೂ ಕುಣಿದಿದ್ದೇನೆ. ಆದರೂ ಹದಿಮೂರರ ಹುಡುಗನನ್ನು ಹರಾಜು ಕೂಗಿದ್ದು ಸರಿಯಲ್ಲ. ಅವನ ಶತಕ ಆ ತಪ್ಪನ್ನು ತೊಳೆಯುವುದಿಲ್ಲ.

ಹೆಣ್ಣುಮಕ್ಕಳ ಡಬ್ಲ್ಯುಪಿಎಲ್‌ನಲ್ಲಿ ಬೆಲೆಗೂ ಆಟಕ್ಕೂ ನಂಟು ಸಡಿಲ ಎಂಬ ಪಾಠ ಬೇಗ ಕಂಡಿತು. ಬೆಂಗಳೂರಿನ ವೃಂದಾ ದಿನೇಶ್ ಅವರನ್ನು ಯುಪಿ ವಾರಿಯರ್ಸ್ 10 ಲಕ್ಷದ ಮೂಲಬೆಲೆಯಿಂದ ಏರಿಸಿ 1.30 ಕೋಟಿಗೆ ಕೊಂಡಿತು. ಮೂರು ಪಂದ್ಯವಾಗುವಷ್ಟರಲ್ಲಿ ಗಾಯವಾಗಿ ಋತುವೇ ಮುಗಿಯಿತು. ನಮ್ಮ ಶ್ರೇಯಾಂಕಾ ಪಾಟೀಲ್ ಆರ್‌ಸಿಬಿಗೆ ಬಂದದ್ದು ಬರೀ 10 ಲಕ್ಷಕ್ಕೆ. 2024ರ ಫೈನಲ್‌ನಲ್ಲಿ 12 ರನ್ನಿಗೆ ನಾಲ್ಕು ವಿಕೆಟ್ ತೆಗೆದು ಬೆಂಗಳೂರಿಗೆ ಮೊದಲ ಕಪ್ ತಂದವರಲ್ಲಿ ಅವರೂ ಒಬ್ಬರು. ಒಬ್ಬಳಿಗೆ ದುಡ್ಡು ಹೆಚ್ಚಾಯಿತು ಎಂದು ನಾನು ಹೇಳುವುದಿಲ್ಲ. ಇನ್ನೊಬ್ಬಳಿಗೆ ಬಹಳ ಕಡಿಮೆಯಾಯಿತು ಎಂದು ಖಂಡಿತ ಹೇಳುತ್ತೇನೆ.

ಹಾಗಾದರೆ ಏನು ಮಾಡಬೇಕು? ನನ್ನ ಮನಸ್ಸಿನಲ್ಲಿರುವ ವ್ಯವಸ್ಥೆ ಇಷ್ಟು. 23 ವರ್ಷದೊಳಗಿನ, ಭಾರತಕ್ಕೆ ಆಡದ ಆಟಗಾರರೆಲ್ಲ ಡ್ರಾಫ್ಟ್‌ಗೆ ಬರಲಿ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯ ಸರದಿ. ಮೊದಲ ಸುತ್ತಿಗೆ ಎರಡು ಕೋಟಿ, ಎರಡನೆಯದಕ್ಕೆ ಒಂದೂವರೆ, ಮೂರನೆಯದಕ್ಕೆ ಒಂದು ಎಂದು ಮೊದಲೇ ಸಾರಿಬಿಡಲಿ. ಒಪ್ಪಂದ ಮೂರು ವರ್ಷದ್ದಾಗಿರಲಿ. ಎರಡು ವರ್ಷ ತುಂಬುವ ಮೊದಲು ತಂಡ ಅವನನ್ನು ಬಿಟ್ಟರೆ ಉಳಿದ ದುಡ್ಡು ಕೊಟ್ಟೇ ಬಿಡಬೇಕು. ಆಡಿದಷ್ಟೂ ಪಂದ್ಯ ಶುಲ್ಕ ಹೇಗೂ ಸೇರುತ್ತದೆ. ನಡುವೆ ಭಾರತಕ್ಕೆ ಆಡಿದರೆ ಸಂಭಾವನೆ ತಾನಾಗಿ ಮೇಲಿನ ಮೆಟ್ಟಿಲಿಗೆ ಹೋಗಲಿ. ಮೂರು ವರ್ಷ ಮುಗಿದ ಮೇಲೆ ಅವನು ಹರಾಜಿಗೆ ಹೋಗಬೇಕೆಂದರೆ ಹೋಗಲಿ. ಆಗ ಅವನ ಆಟವನ್ನು ಎಲ್ಲರೂ ಕಂಡಿರುತ್ತಾರೆ, ಅವನಿಗೂ ತನ್ನ ಬಲ ಗೊತ್ತಿರುತ್ತದೆ. ಹೀಗೆ ಮಾಡಿದರೆ ಸ್ಕೌಟ್‌ಗಳ ಕಷ್ಟಕ್ಕೂ ಬೆಲೆ ಬರುತ್ತದೆ. ಪ್ಯಾಡಲ್ ಎತ್ತುವ ಹಟದ ಬದಲು, ರಾಯಚೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಒಬ್ಬನನ್ನು ಮೊದಲು ಕಂಡವನ ಕಣ್ಣು ಗೆಲ್ಲುತ್ತದೆ.

ಕನ್ನಡದ ಹುಡುಗರು ಬೆಂಗಳೂರು ತಂಡದಲ್ಲೇ ಆಡಬೇಕು ಎಂಬ ಕೂಗನ್ನು ನಾನು ಇದರೊಳಗೆ ತರುತ್ತಿಲ್ಲ. ಪ್ರಸಿದ್ಧ ಕೃಷ್ಣ 2025ರಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದದ್ದು ಗುಜರಾತ್ ತಂಡದಲ್ಲಿ. ಹುಡುಗ ಬೆಳೆಯುವ ಜಾಗ ಯಾವುದೋ ಅಲ್ಲಿಗೆ ಹೋಗಲಿ. ಕಾಯುವ ತಂಡ ಸಿಗಬೇಕು, ಅಷ್ಟೇ.

2025ರಲ್ಲಿ ಶುರುವಾದ ಮೂರು ವರ್ಷದ ಸುತ್ತು ಮುಗಿದ ಮೇಲೆ ಮತ್ತೆ ಮೆಗಾ ಹರಾಜು ಬರುತ್ತದೆ. ಅದಕ್ಕೂ ಮೊದಲು ಇದನ್ನು ಪ್ರಯೋಗ ಮಾಡಿ ನೋಡುವ ಅಂಗಳ ನಮ್ಮಲ್ಲೇ ಇದೆ. ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲಿ ಆರು ತಂಡಗಳಿವೆ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಗುಲ್ಬರ್ಗ, ನಮ್ಮ ಶಿವಮೊಗ್ಗ. ಅಲ್ಲೂ ಈಗ ಹರಾಜೇ ನಡೆಯುತ್ತದೆ. ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಅಧ್ಯಕ್ಷ ವೆಂಕಟೇಶ್ ಪ್ರಸಾದ್ ಸ್ವತಃ ವೇಗದ ಬೌಲರ್ ಆಗಿದ್ದವರು. ಒಬ್ಬ ಬೌಲರ್ ಹದಗೊಳ್ಳಲು ಎಷ್ಟು ಋತು ಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಮಹಾರಾಜ ಟ್ರೋಫಿಗೆ 23ರ ಒಳಗಿನವರಿಗಷ್ಟೇ ಡ್ರಾಫ್ಟ್ ಮಾಡಲಿ. ಪ್ರತಿ ತಂಡ ಕನಿಷ್ಠ ಐದು ಮಂದಿಯನ್ನು ಎರಡು ವರ್ಷಕ್ಕೆ ಇಟ್ಟುಕೊಳ್ಳಲಿ, ಅವರಲ್ಲಿ ಇಬ್ಬರು ಬೆಂಗಳೂರು ವಲಯದ ಹೊರಗಿನವರಾಗಿರಲಿ, ಪಟ್ಟಿಯಲ್ಲಿರುವ ಪ್ರತಿಯೊಬ್ಬ ಹುಡುಗನ ಹೆಸರನ್ನೂ ಓದಲಿ.